ಹುಳಿ ನೀರಿನ ಬಣ್ಣ

"ನನ್ನ ಕಾಲುವೆಗೆ ಏನು ಹಾಕ್ತಾ ಇದ್ದೀರಿ?"

ರೋವೀನಾ ತಲೆಯೆತ್ತಲಿಲ್ಲ. ಕಾಲುವೆಯ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ಅವಳ ಎರಡೂ ಮಂಡಿಗಳು ಜೋಮು ಹಿಡಿದಿದ್ದವು. ಮಾರ್ಚಿನಲ್ಲಿ ಒಂಬತ್ತು ದಿನ ಬಿಡದೆ ಸುರಿದ ಮಳೆ ಹಿಂದಿನ ದಿನವಷ್ಟೇ ನಿಂತಿತ್ತು. ಆ ಒಂಬತ್ತು ದಿನವೂ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಪುಟ್ಟ ಸೀಸೆಯಿಂದ ಪರೀಕ್ಷೆಯ ಹನಿ ಬಿಟ್ಟಿದ್ದ, ಕೈಯಲ್ಲಿನ ಗಾಜಿನ ನಳಿಕೆಯಲ್ಲಿ ಕಾಲುವೆಯ ನೀರು ಮಾಗಿದ ಟೊಮೆಟೊದಷ್ಟು ಕೆಂಪಗೆ ನಿಂತಿತ್ತು.

"ಏನೂ ಹಾಕ್ತಿಲ್ಲ. ತಗೋತಾ ಇದ್ದೀನಿ," ಅಂದಳು.

"ಮತ್ತೆ ಆ ಕೆಂಪು?"

"ಅದು ನಿಮ್ಮದೇ."

ಮೇಲೆ ದಿಬ್ಬದ ರಸ್ತೆಯಲ್ಲಿ ಹಿಂದೆ ಸಾಮಾನು ಹೇರುವ ಯೂಟ್ ಗಾಡಿಯ ಬಾಗಿಲು ಧಡ್ ಎಂದಿತು. ಭಾರವಾದ ಬೂಟುಗಳು ಒದ್ದೆ ಹುಲ್ಲನ್ನು ತುಳಿಯುತ್ತ ಇಳಿದು ಬಂದವು. ಅವಳು ಆಗ ನೋಡಿದಳು. ಐವತ್ತರ ಆಸುಪಾಸಿನ ಗಂಡಸು. ಅಂಗಿಯ ಕಾಲರು ಒಂದು ಕಡೆ ಒಳಮಡಚಿಕೊಂಡಿತ್ತು, ಅದನ್ನು ಸರಿಮಾಡುವವರು ಮನೆಯಲ್ಲಿ ಯಾರೂ ಇಲ್ಲವೆಂದು ಹೇಳುವ ಹಾಗೆ. ಈ ಕಬ್ಬಿನ ಹೊಲಗಳ ಒಡೆಯ ರೆನ್ಜೊ ಬಸ್ಸೆಟ್ಟಿ. ಇಪ್ಪತ್ತು ವರ್ಷದಿಂದ ಒಂದೇ ನದಿಯ ಮೇಲೆ ಬದುಕುತ್ತಿದ್ದರೂ ಇಬ್ಬರೂ ಎದುರುಬದುರು ಮಾತಾಡಿದ್ದು ಇದೇ ಮೊದಲು.

"ನಾನು ಕೆಳಗಡೆ ಅಳಿವೇಲಿ ಸಿಂಪಿ ಬೆಳೀತೀನಿ," ಅಂದಳು. "ರೋವೀನಾ ಟ್ಯಾಪ್."

"ಗೊತ್ತು. ನೀಲಿ ದೋಣಿ."

"ಹೌದು. ನಿಮ್ಮ ನೀರು ನನ್ನ ಸಿಂಪೀನ ತಿಂತಾ ಇದೆ."

ಅವನು ಕಾಲುವೆಯತ್ತ ನೋಡಿದ. ತಳದ ಪ್ರತಿ ಕಲ್ಲೂ ಕಾಣುವಷ್ಟು ತಿಳಿಯಾದ ನೀರು. ನೀಲಿ ಹಸಿರು ಬೆರೆತ ಹೊಳಪು. "ಇದಾ? ಇಡೀ ಜಿಲ್ಲೇಲಿ ಇಷ್ಟು ಚೊಕ್ಕ ನೀರು ಇನ್ನೊಂದು ತೋರಿಸಿ."

"ಅದೇ ಕೆಟ್ಟ ಸುದ್ದಿ. ಒಂದು ಮೀನು ತೋರಿಸಿ ನೋಡೋಣ. ಒಂದು ಕಪ್ಪೆ. ಒಂದು ಸೊಳ್ಳೆ ಮರಿ."

ಅವನು ಬಗ್ಗಿ ನೀರಿನೊಳಗೆ ಹುಡುಕಿದ.

"ಆ ಬಾಟಲೀಲೇ ಕೆಂಪು ಬಣ್ಣ ಇರಬೋದು," ಅಂದ ಕೊನೆಗೆ.

ರೋವೀನಾ ನಿಟ್ಟುಸಿರು ಬಿಟ್ಟಳು. "ಕುಡಿಯೋ ನೀರಿದ್ರೆ ಕೊಡಿ."

ಅವನು ಗಾಡಿಯಿಂದ ಮಳೆನೀರಿನ ಬಾಟಲಿ ತಂದುಕೊಟ್ಟ. ಅವಳು ಇನ್ನೊಂದು ನಳಿಕೆಗೆ ಅದನ್ನು ಸುರಿದು ಅದೇ ಸೀಸೆಯಿಂದ ಮೂರು ಹನಿ ಬಿಟ್ಟಳು. ನೀರು ಹಳದಿಗೆ ತಿರುಗಿತು. ಮೂರನೆಯ ನಳಿಕೆಗೆ ತನ್ನ ಕ್ಯಾನಿನಲ್ಲಿದ್ದ ಸಮುದ್ರದ ನೀರು, ಮತ್ತೆ ಮೂರು ಹನಿ. ಅದು ನವಿಲು ಬಣ್ಣದ ಹಸಿರುನೀಲಿಯಾಯಿತು. ಮೂರನ್ನೂ ಬೆರಳ ಸಂದಿಯಲ್ಲಿ ಹಿಡಿದು ಅವನ ಮುಖದ ಎದುರಿಗೆ ಎತ್ತಿದಳು.

"ಹನಿ ಒಂದೇ. ಹುಳಿ ಸಿಕ್ಕಿದ್ರೆ ಕೆಂಪಾಗುತ್ತೆ, ಸ್ವಲ್ಪ ಹುಳಿಯಾದ್ರೆ ಹಳದಿ. ಹುಳಿಯೇ ಇಲ್ಲದಿದ್ರೆ ಹಸಿರು, ಕ್ಷಾರ ಇದ್ರೆ ನೀಲಿ ಕಡೆ ತಿರುಗುತ್ತೆ. ಇದಕ್ಕೆ ಸುಳ್ಳು ಹೇಳೋಕೆ ಬರಲ್ಲ."

"ಹಿಡ್ಕೊಂಡಿರೋರಿಗೆ ಬರುತ್ತಲ್ಲ."

"ಇವತ್ತು ನನಗೆ ಅಷ್ಟು ಶಕ್ತಿ ಇಲ್ಲ," ಅಂದಳು ರೋವೀನಾ.

ಅವಳು ಏಳಲು ಹೋದಾಗ ಜೋಮು ಹಿಡಿದ ಕಾಲು ಕೈಕೊಟ್ಟಿತು. ಅವನು ಚಾಚಿದ ಕೈಯನ್ನು ಅವಳು ಹಿಡಿಯಲಿಲ್ಲ. ಹುಲ್ಲಿನ ಗಂಟನ್ನೇ ಹಿಡಿದು ಎದ್ದು, ನಳಿಕೆಗಳನ್ನು ತೊಳೆದು ಜೇಬಿಗಿಟ್ಟುಕೊಂಡು, ದೋಣಿಯತ್ತ ನಡೆದಳು. ಅರ್ಧ ದಾರಿಯಲ್ಲಿ ಒಮ್ಮೆ ತಿರುಗಿ ನೋಡಿದಳು. ಅವನು ಚಾಚಿದ ಕೈಯನ್ನು ಇನ್ನೂ ಪೂರ್ತಿ ಕೆಳಗಿಳಿಸಿರಲಿಲ್ಲ.

*

"ಬಸ್ಸೆಟ್ಟಿ ಜೊತೆ ಜಗಳ ಆಡ್ದೆಯಾ?" ಗ್ವೆನ್ ಕೇಳಿದಳು.

ಗ್ವೆನ್‌ಗೆ ಎಪ್ಪತ್ತೊಂದು. ರೋವೀನಾಳ ತಂದೆಯ ಕಾಲದಿಂದಲೂ ಈ ಶೆಡ್ಡಿನಲ್ಲಿ ಸಿಂಪಿ ಆರಿಸುತ್ತಿದ್ದವಳು. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು.

"ಜಗಳ ಏನಿಲ್ಲ. ಎರಡು ಮಾತು."

"ಹೆಂಡತಿ ಬಿಟ್ಟು ಹೋಗಿ ಹನ್ನೊಂದು ವರ್ಷ ಆಯ್ತು, ಅವನು ಬಾಯಿಬಿಟ್ಟು ಮಾತಾಡಿರೋದು ಟ್ರ್ಯಾಕ್ಟರ್ ಜೊತೆ ಮಾತ್ರ. ನಿನಗೆ ಎರಡು ಮಾತು ಸಿಕ್ಕಿದೆ ಅಂದ್ರೆ ದೊಡ್ಡ ಮರ್ಯಾದೆ ಕಣೇ."

ರೋವೀನಾ ಮುಂದಿದ್ದ ಬುಟ್ಟಿಯಿಂದ ಒಂದೊಂದೇ ಸಿಂಪಿ ಎತ್ತಿ ಬೆರಳಿನಿಂದ ತಟ್ಟುತ್ತಿದ್ದಳು. ಬದುಕಿದ್ದರೆ ಗಟ್ಟಿ ಸದ್ದು, ಸತ್ತಿದ್ದರೆ ಟೊಳ್ಳು ಸದ್ದು. ಬೆಳಗ್ಗೆಯಿಂದ ಕೇಳಿದ್ದೆಲ್ಲ ಟೊಳ್ಳು ಸದ್ದೇ. ಚಿಪ್ಪುಗಳ ಅಂಚು ನೆನೆದ ಕಾಗದದಂತೆ ತೆಳ್ಳಗಾಗಿ ಹೆಬ್ಬೆರಳಿನಡಿ ಪುಡಿಯಾಗುತ್ತಿತ್ತು. ಮೂರು ವರ್ಷದಲ್ಲಿ ಇದು ಎರಡನೆಯ ಸಲ.

ಸಿಂಪಿ ದೊಡ್ಡದಾಗಲು ಮೂರು ವರ್ಷ ಬೇಕು. ಮತ್ತೆ ಮೂರು ವರ್ಷ. ಅವಳಿಗೆ ನಲವತ್ತಾರು. ನ್ಯೂಕ್ಯಾಸಲ್‌ನಲ್ಲಿದ್ದ ಅಕ್ಕ ಅಲ್ಲಿನ ವೃದ್ಧಾಶ್ರಮದ ಕಚೇರಿಯಲ್ಲಿ ಒಂದು ಕೆಲಸ ನೋಡಿಟ್ಟಿದ್ದಳು. ಕುರ್ಚಿ, ಮೇಜು, ಒಣಗಿದ ಸಾಕ್ಸು. ಮೇ ಕೊನೆಯೊಳಗೆ ಹೇಳಬೇಕು. ಒಣಗಿದ ಸಾಕ್ಸಿನ ಯೋಚನೆ ಬಂದಾಗಲೆಲ್ಲ ರೋವೀನಾಳ ಕಣ್ಣು ತುಂಬಿಬರುತ್ತಿತ್ತು. ಅದು ಆಸೆಯೋ ದುಃಖವೋ ಅವಳಿಗೇ ತಿಳಿಯುತ್ತಿರಲಿಲ್ಲ. ಅಷ್ಟು ದಣಿದಿದ್ದಳು.

ನಾಲ್ಕನೆಯ ದಿನ ಯೂಟ್ ಗಾಡಿ ಶೆಡ್ಡಿನ ಮುಂದೆ ನಿಂತಿತು. ರೆನ್ಜೊ ಹಣ್ಣಿನ ಪೆಟ್ಟಿಗೆಯೊಂದನ್ನು ಎದೆಗೆ ಒತ್ತಿಕೊಂಡು ಒಳಬಂದ. ಅದರಲ್ಲಿ ಹದಿನೆಂಟು ಜಾಮ್ ಶೀಷೆ. ಪ್ರತಿಯೊಂದಕ್ಕೂ ಟೇಪು ಅಂಟಿಸಿ ಪೆನ್ಸಿಲಿನಲ್ಲಿ ಬರೆದಿತ್ತು: ಮೇಲಿನ ಕಾಲುವೆ, ಸೇತುವೆ ಕೆಳಗೆ, ಅಪ್ಪನ ಹೊಲ, ತೂಬಿನ ಬಳಿ.

"ಇವಕ್ಕೂ ಹನಿ ಹಾಕಿ," ಅಂದ.

"ನನ್ನ ಬಾಟಲಿ ಮೇಲೆ ನಂಬಿಕೆ ಬಂತಾ?"

"ಇಲ್ಲ." ಅವನ ಕಿವಿ ಕೆಂಪಾಯಿತು. "ಅದಕ್ಕೇ ಮನೇಲಿ ನೇರಳೆ ಕೋಸು ಬೇಯಿಸಿದೆ. ಅದರ ನೀರಲ್ಲೂ ಗೊತ್ತಾಗುತ್ತಂತೆ. ಹುಳಿಗೆ ಗುಲಾಬಿ, ಸಮುದ್ರದ ನೀರಿಗೆ ನೀಲಿ."

"ಆಮೇಲೆ?"

"ಎಲ್ಲ ಗುಲಾಬಿ ಆಯ್ತು."

ಗ್ವೆನ್ ಕೈಯ ಸಿಂಪಿ ಕೆಳಗಿಟ್ಟಳು. "ನೆರೆಮನೆಯೋಳ ಮಾತು ನಿಜವೋ ಸುಳ್ಳೋ ಅಂತ ನೋಡೋಕೆ ಕೋಸು ಬೇಯಿಸಿದ ಗಂಡಸನ್ನ ನಾನು ಇದೇ ಮೊದಲು ನೋಡ್ತಿರೋದು. ಮನೆ ನಾತ ಹೊಡೀತಿರಬೇಕು."

"ನಾಯಿ ಹೊರಗೆ ಮಲಗ್ತಿದೆ," ಅಂದ ರೆನ್ಜೊ.

ರೋವೀನಾ ನಕ್ಕಳು. ಎಷ್ಟೋ ವಾರಗಳ ಮೇಲೆ ಬಂದ ನಗು. ಅರ್ಧದಲ್ಲಿ ಕೆಮ್ಮಾಗಿ ಮುಗಿಯಿತು. ರೆನ್ಜೊ ಆ ನಗುವನ್ನು ಕೇಳಿ ಅವಳ ಕಡೆ ನೋಡಿದ. ಹೆಚ್ಚು ಹೊತ್ತು ನೋಡಿದೆನೆಂದು ಅವನಿಗೇ ಅನಿಸಿರಬೇಕು. ಗಡಿಬಿಡಿಯಿಂದ ಪೆಟ್ಟಿಗೆಯ ಶೀಷೆಗಳನ್ನು ಎತ್ತಿಡತೊಡಗಿದ.

ಹದಿನೆಂಟನ್ನೂ ಕಿಟಕಿಯ ಹಲಗೆಯ ಮೇಲೆ ಸಾಲಾಗಿಟ್ಟರು. ಅವಳು ಹನಿ ಬಿಡುತ್ತ ಹೋದಳು, ಅವನು ಅಲುಗಾಡಿಸುತ್ತ ಬಂದ. ಕಿತ್ತಳೆ. ಕಿತ್ತಳೆ. ಕೆಂಪು. ಹಳದಿ. ಕೆಂಪು. 'ಅಪ್ಪನ ಹೊಲ' ಎಂದು ಬರೆದ ಮೂರು ಶೀಷೆಗಳೂ ಎಲ್ಲಕ್ಕಿಂತ ಗಾಢವಾದ ಕೆಂಪು. ಸಂಜೆಯ ಬಿಸಿಲು ಅವುಗಳ ಮೂಲಕ ಹಾದು ಅವನ ಅಂಗಿಯ ಮೇಲೆ, ಗದ್ದದ ಮೇಲೆ ಬಿತ್ತು. ನೋಡಲು ಚೆಂದವಿತ್ತು. ಅವನ ಮುಖ ಮಾತ್ರ ಆಸ್ಪತ್ರೆಯ ಚೀಟಿ ಓದುತ್ತಿದ್ದವನ ಹಾಗಿತ್ತು.

"ಅಲ್ಲಿ ಮೊದಲು ಜೌಗಿತ್ತು," ಅಂದ ನಿಧಾನವಾಗಿ. "ನನ್ನಪ್ಪ ಬ್ರೂನೊ ಎರಡು ಬೇಸಿಗೆ ಕಾಲುವೆ ತೋಡಿ ನೀರು ಬಸಿದ್ರು. ಸಾಯೋವರೆಗೂ ಅದೇ ಮಾತು. ಈ ಕೈಯಿಂದ ನೆಲ ಮಾಡಿದೆ ಅಂತ."

"ನೀರಿನಡಿ ಇದ್ದಷ್ಟು ದಿನ ಆ ಮಣ್ಣು ತನ್ನ ಪಾಡಿಗೆ ಮಲಗಿರುತ್ತೆ," ರೋವೀನಾ ಅಂದಳು. "ನೀರು ಬಸಿದು ಗಾಳಿ ತಾಗಿದ್ರೆ ಹುಳಿಯಾಗುತ್ತೆ. ಬ್ಯಾಟರಿ ಹುಳಿ ಇರುತ್ತಲ್ಲ, ಅದೇ ಜಾತಿ. ಮಳೆ ಬಂದಾಗ ತೊಳ್ಕೊಂಡು ಕೆಳಗೆ ಬರುತ್ತೆ. ಆಗಿನ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮ್ಮಪ್ಪನ ತಪ್ಪಲ್ಲ."

ಅವನು ಅವಳ ಮುಂದಿದ್ದ ಬುಟ್ಟಿಯಿಂದ ಸತ್ತ ಸಿಂಪಿಯೊಂದನ್ನು ಎತ್ತಿ ಅಂಚು ಮುಟ್ಟಿದ. ಅದು ಅವನ ಬೆರಳಲ್ಲೇ ಪುಡಿಯಾಯಿತು. ಕೈ ಒರೆಸಿಕೊಳ್ಳದೆ ಹಾಗೇ ನಿಂತ.

"ಎಷ್ಟು ಬುಟ್ಟಿ ಹೀಗಿವೆ?"

ಶೆಡ್ಡಿನ ಮೂಲೆಯವರೆಗೂ ಪೇರಿಸಿದ್ದ ಬುಟ್ಟಿಗಳ ಕಡೆ ಅವಳು ಗದ್ದ ತೋರಿಸಿದಳು. ಅವನು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತು, ಅವಳು ತಟ್ಟುವುದನ್ನು ನೋಡಿ ಕಲಿತು, ಕತ್ತಲಾಗುವ ತನಕ ಸಿಂಪಿ ತಟ್ಟಿದ.

*

ಅಂದಿನಿಂದ ಪ್ರತಿ ಮಂಗಳವಾರ ಮಧ್ಯಾಹ್ನ ಇಬ್ಬರೂ ಕಾಲುವೆಯುದ್ದಕ್ಕೂ ನಡೆಯುವುದು ರೂಢಿಯಾಯಿತು. ಅವಳ ಕೈಯಲ್ಲಿ ಹನಿಯ ಸೀಸೆ, ಅವನ ಕೈಯಲ್ಲಿ ನಳಿಕೆಗಳ ಪೆಟ್ಟಿಗೆ. ಬಹುವಚನ ಯಾವಾಗಲೋ ಕಳಚಿಬಿತ್ತು, ಯಾವಾಗ ಎಂದು ಇಬ್ಬರೂ ಗಮನಿಸಲಿಲ್ಲ. ಅವನು ಬೇಕರಿಯಿಂದ ಲ್ಯಾಮಿಂಗ್ಟನ್ ಕೇಕು ತರುತ್ತಿದ್ದ. ಅವಳು ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದಳು.

"ಈ ಚಹಾಕ್ಕೂ ಹನಿ ಹಾಕಿ ನೋಡ್ಬೇಕು," ಅನ್ನುತ್ತಿದ್ದ ಅವನು, ಒಂದು ಗುಟುಕು ಕುಡಿದು ಮುಖ ಹಿಂಡಿ.

"ಹಾಲು ಬೇಡ ಅಂದವನು ನೀನೇ."

"ಹಾಲು ಬೇಡ ಅಂದೆ. ಸಕ್ಕರೆ ಬೇಡ ಅಂದಿರಲಿಲ್ಲ. ಸುತ್ತ ಕಬ್ಬು ಬೆಳೆಯೋನಿಗೆ ಸಪ್ಪೆ ಚಹಾ ಕೊಡ್ತಿದ್ದೀಯ."

"ಕಬ್ಬು ಅಗಿ."

ಏಪ್ರಿಲಿನ ಒಂದು ಮಧ್ಯಾಹ್ನ ಅವಳು ಮೊದಲ ಸಲ ಅವನ ಮನೆಯ ಹಿಂದಿನ ಅಂಗಳಕ್ಕೆ ಹೋದಳು. ಗೋಡೆಯುದ್ದಕ್ಕೂ ಹೈಡ್ರೇಂಜಿಯ ಪೊದೆಗಳು. ಹೂವಿನ ಕಾಲ ಮುಗಿಯುತ್ತ ಬಂದಿದ್ದರೂ ಬಾಡಿದ ಗೊಂಚಲುಗಳಲ್ಲೇ ನೀಲಿ ಉಳಿದಿತ್ತು, ಶಾಯಿ ಚೆಲ್ಲಿದಂಥ ನೀಲಿ.

"ಅಮ್ಮ ಗುಲಾಬಿ ಹೂವು ಬರುತ್ತೆ ಅಂತ ತಂದು ನೆಟ್ಟಿದ್ದು," ಅಂದ ರೆನ್ಜೊ. "ಮೊದಲ ವರ್ಷವೇ ನೀಲಿ ಆಯ್ತು. ನರ್ಸರಿಯೋನು ಮೋಸ ಮಾಡ್ದ ಅಂತ ಅವನ ಜೊತೆ ಮೂವತ್ತು ವರ್ಷ ಮಾತು ಬಿಟ್ಟಿದ್ರು."

"ಪಾಪ, ಅವನದೇನೂ ತಪ್ಪಿಲ್ಲ. ಹುಳಿ ಮಣ್ಣಲ್ಲಿ ಇದು ನೀಲಿಯಾಗುತ್ತೆ."

"ತಡಿ ತಡಿ. ಹುಳಿಗೆ ಕೆಂಪಾಗೋದಲ್ವಾ? ನೀನೇ ತಾನೆ ಹೇಳಿದ್ದು?"

"ಹನಿ ಕೆಂಪಾಗುತ್ತೆ. ಕೋಸು ಗುಲಾಬಿಯಾಗುತ್ತೆ. ಈ ಹೂವು ಮಾತ್ರ ಉಲ್ಟಾ."

"ಹಾಗಾದ್ರೆ ಯಾವುದನ್ನ ನಂಬೋದು?"

"ಮೂರನ್ನೂ. ಮೂರೂ ಒಂದೇ ವಿಷಯ ಹೇಳ್ತಿವೆ, ತಂತಮ್ಮ ಬಣ್ಣದಲ್ಲಿ."

ಅವನು ಹೂವನ್ನು ನೋಡುವುದು ಬಿಟ್ಟು ಅವಳನ್ನು ನೋಡುತ್ತಿದ್ದ. ಬಿಸಿಲಿಗೆ ಕಂದಿದ ಮೂಗು, ಉಪ್ಪುನೀರಿಗೆ ಒರಟಾದ ಕೂದಲು, ಕಣ್ಣ ಕೆಳಗೆ ಎಂದೂ ಹೋಗದ ಕಪ್ಪು. ರೋವೀನಾಳಿಗೆ ತನ್ನ ಮೇಲೆ ಬಿದ್ದ ಆ ನೋಟ ತಿಳಿಯಿತು. ಹನ್ನೆರಡು ವರ್ಷ ಜೊತೆಗಿದ್ದು, ಪಶ್ಚಿಮದ ಗಣಿಗಳಿಗೆ ಹೋಗಿ, ಕೊನೆಗೊಮ್ಮೆ ಬರುವುದನ್ನೇ ಬಿಟ್ಟ ಒಬ್ಬ ಗಂಡಸಿನ ನಂತರ ಅವಳನ್ನು ಯಾರೂ ಹೀಗೆ ಬಿಡುವಾಗಿ ನೋಡಿರಲಿಲ್ಲ. ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದಳು. ಕೈಯಲ್ಲಿ ಕೆಸರಿತ್ತು. ಇಳಿಸುವಾಗ ಬೆರಳು ಕೆನ್ನೆಗೆ ತಾಗಿತು.

"ಕೆನ್ನೆ ಮೇಲೆ ಕೆಸರಾಯ್ತು," ಅಂದ.

"ಇರ್ಲಿ ಬಿಡು."

"ಇರ್ಲಿ," ಅಂದ ಅವನು. ದನಿ ಸಣ್ಣಗಿತ್ತು.

*

ಪರಿಹಾರವೇನೆಂದು ಇಬ್ಬರಿಗೂ ಗೊತ್ತಿತ್ತು. ಕಾಲುವೆ ನದಿಗೆ ಸೇರುವಲ್ಲಿ ದಿಬ್ಬದಡಿ ಒಂದು ತೂಬು. ಉಬ್ಬರದ ಉಪ್ಪುನೀರು ಹೊಲಕ್ಕೆ ನುಗ್ಗದಂತೆ ಅದರ ಕಬ್ಬಿಣದ ಬಾಗಿಲನ್ನು ಬ್ರೂನೊ ಕೂರಿಸಿದ್ದ. ಅದನ್ನೆತ್ತಿ ಉಬ್ಬರಕ್ಕೆ ದಾರಿ ಬಿಟ್ಟರೆ ಸಮುದ್ರದ ನೀರು ಒಳಗೆ ಹೋಗಿ ಹುಳಿಯನ್ನು ಮುರಿಯುತ್ತದೆ, ಕೆಳಗಿನ ಮಣ್ಣನ್ನು ಮತ್ತೆ ನೆನೆಸಿ ಮಲಗಿಸುತ್ತದೆ. ಆದರೆ ಉಪ್ಪು ಕುಡಿದ ಕಬ್ಬು ಉಳಿಯುವುದಿಲ್ಲ. ಅಪ್ಪನ ಹೊಲ ಹೋದಂತೆಯೇ.

ರೋವೀನಾ ಆ ಮಾತೆತ್ತಲಿಲ್ಲ. ಮಾರ್ಚಿನಲ್ಲಿ ಎತ್ತಲಿಲ್ಲ, ಏಪ್ರಿಲಿನಲ್ಲೂ ಎತ್ತಲಿಲ್ಲ. ಮೇ ಮೊದಲ ಮಂಗಳವಾರ, ತೂಬಿನ ಕಾಂಕ್ರೀಟು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ರೆನ್ಜೊನೇ ಕೇಳಿದ.

"ಈ ಬಾಗಿಲು ತೆಗಿ ಅಂತ ನೀನು ಒಂದ್ಸಲಾನೂ ಕೇಳ್ಲಿಲ್ಲ. ಯಾಕೆ?"

"ಕೇಳಿದ್ರೆ ನೀನು ತೆಗೀತಿದ್ದೆ."

"ಮತ್ತೆ?"

ಅವಳು ಲೋಟದ ತಳದಲ್ಲಿ ಉಳಿದ ಚಹಾವನ್ನು ಹುಲ್ಲಿಗೆ ಚೆಲ್ಲಿದಳು. "ಆಮೇಲೆ ಆ ಹೊಲ ನೋಡಿದಾಗಲೆಲ್ಲ ನಿನಗೆ ನನ್ನ ಮುಖ ನೆನಪಾಗ್ತಿತ್ತು. ನಿಮ್ಮಪ್ಪ ಮಾಡಿದ ನೆಲ ಕಿತ್ಕೊಂಡವಳು ಅಂತ. ಅದು ನನಗೆ ಬೇಡ. ಸಿಂಪಿ ಹೋದ್ರೂ ಚಿಂತೆಯಿಲ್ಲ."

ಅವಳು ಇನ್ನೂ ಒಂದು ಮಾತು ಹೇಳಬೇಕಿತ್ತು. ಎರಡು ವಾರದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದಳು.

"ನಾನು ಹೊರಟುಹೋಗ್ತೀನೇನೋ, ರೆನ್. ನ್ಯೂಕ್ಯಾಸಲ್‌ಗೆ. ಅಕ್ಕ ಒಂದು ಕೆಲಸ ನೋಡಿದ್ದಾಳೆ."

"ಯಾವಾಗ?"

"ತಿಂಗಳ ಕೊನೇಲಿ ಹೇಳ್ಬೇಕು."

"ಒಳ್ಳೇ ಕೆಲಸಾನಾ?"

"ಕೂತು ಮಾಡೋ ಕೆಲಸ."

ಅವನು ತಲೆಯಾಡಿಸಿದ. ನಳಿಕೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಇಟ್ಟ. ಹೋಗಬೇಡ ಅನ್ನುತ್ತಾನೆಂದು ಅವಳು ಕಾದಳು. ಕಾಯುತ್ತಿದ್ದೇನೆಂದು ತಿಳಿದು ತನ್ನ ಮೇಲೇ ಬೇಸರವಾಯಿತು.

"ಇಷ್ಟು ದಣಿದಿದ್ದೀಯ," ಅಂದ ಅವನು ಕೊನೆಗೆ. "ನಿನ್ನ ತಡೆಯೋಕೆ ನಾನು ಯಾರು."

ಮರುವಾರ ಅವಳು ಕಾಲುವೆಗೆ ಹೋಗಲಿಲ್ಲ. ಅವನೂ ಶೆಡ್ಡಿಗೆ ಬರಲಿಲ್ಲ.

"ಇಬ್ಬರೂ ಒಂದೇ ಅಚ್ಚಿನ ಪೆದ್ದರು," ಅಂದಳು ಗ್ವೆನ್, ಚಾಕು ಒರೆಸುತ್ತ. "ಅವನನ್ನ ನೀನು ಕೇಳಲ್ಲ, ನಿನಗೆ ಅವನು ಹೇಳಲ್ಲ. ಮಧ್ಯೆ ನನ್ನ ಕಿವಿ ತೂತಾಗೋಷ್ಟು ಮೌನ."

"ಅವನು ಹೋಗು ಅಂದ, ಗ್ವೆನ್."

"ಹೋಗು ಅಂದ್ನಾ? ಬಾಯಿಬಿಟ್ಟು?"

ರೋವೀನಾ ನೆನಪಿಸಿಕೊಂಡಳು. ಹೋಗು ಅಂದಿರಲಿಲ್ಲ.

*

ಸಿಂಪಿ ಉಳಿದಿದ್ದು ಎರಡೇ ಸಾಲು. ಆದರೂ ದಿನಾ ದೋಣಿಯಲ್ಲಿ ಹೋಗಿ, ತೂಬಿಗಿಂತ ಒಂದು ತಿರುವು ಕೆಳಗೆ, ಕಾಲುವೆಯ ನೀರು ನದಿಯಲ್ಲಿ ಬೆರೆಯುವ ಕಡೆಯಿಂದ ಒಂದು ನಳಿಕೆ ನೀರು ತೆಗೆದು ಹನಿ ಬಿಡುವುದನ್ನು ಅವಳ ಕೈ ಬಿಟ್ಟಿರಲಿಲ್ಲ. ಕಿತ್ತಳೆ ಬರುತ್ತಿತ್ತು. ಪುಸ್ತಕದಲ್ಲಿ ಬರೆಯುತ್ತಿದ್ದಳು. ಕಿತ್ತಳೆ. ಕಿತ್ತಳೆ.

ಹದಿನಾಲ್ಕನೆಯ ತಾರೀಖು ಹಳದಿ ಬಂತು.

ಬೆಳಕಿನ ಭ್ರಮೆ ಎಂದುಕೊಂಡಳು. ಮಾರನೆಯ ದಿನ ಇನ್ನಷ್ಟು ತಿಳಿಹಳದಿ. ಹತ್ತೊಂಬತ್ತರಂದು ಎಳೆಯ ಬಾಳೆ ಎಲೆಯ ಹಸಿರು. ಅವಳು ನಳಿಕೆಯನ್ನು ತೊಳೆದು ಮತ್ತೆ ನೀರು ತೆಗೆದಳು. ಮತ್ತೆ ಹಸಿರು. ಮಳೆ ಬಂದಿರಲಿಲ್ಲ, ನೀರು ತಾನಾಗಿ ಬದಲಾಗಲು ಬೇರೆ ಕಾರಣವೇ ಇರಲಿಲ್ಲ. ದೋಣಿಯನ್ನು ತೂಬಿನ ಕಡೆ ತಿರುಗಿಸಿದಳು.

ಮಧ್ಯಾಹ್ನದ ಉಬ್ಬರ ಏರುತ್ತಿತ್ತು. ತೂಬಿನ ಮೇಲೆ ರೆನ್ಜೊ ನಿಂತಿದ್ದ. ತುಕ್ಕು ಹಿಡಿದ ಹಿಡಿಯನ್ನು ಎರಡೂ ಕೈಯಿಂದ ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸುತ್ತಿದ್ದ. ಬಾಗಿಲು ಕಿರುಗುಟ್ಟುತ್ತ ಒಂದೊಂದೇ ಅಂಗುಲ ಏರುತ್ತಿತ್ತು. ಅದರಡಿ ಉಪ್ಪುನೀರು ನೊರೆಗಟ್ಟಿ ಒಳಗೆ ಹೋಗುತ್ತಿತ್ತು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಬಟ್ಟೆಯಲ್ಲಿ ರಕ್ತವಿತ್ತು.

ಆಚೆ, ಅಪ್ಪನ ಹೊಲದಲ್ಲಿ, ಆಳೆತ್ತರದ ಕಬ್ಬಿನ ಕೆಳಗಿನ ಎಲೆಗಳು ಆಗಲೇ ಹಳದಿಯಾಗಿ ಸುರುಟಿಕೊಂಡಿದ್ದವು.

"ಎಷ್ಟು ದಿನದಿಂದ?" ಅಂದಳು ದೋಣಿ ಕಟ್ಟುತ್ತ.

ಅವನು ಬೆಚ್ಚಿ ತಿರುಗಿದ. ಕಣ್ಣು ಕೆಂಪಗಿದ್ದವು, ಗಡ್ಡ ಬೆಳೆದಿತ್ತು. "ಒಂಬತ್ತು."

"ದಿನಕ್ಕೆ ಎರಡು ಉಬ್ಬರ. ಎರಡಕ್ಕೂ ನೀನೇ ಬರ್ತೀಯಾ?"

"ಬಾಗಿಲು ತೆಗೆದೇ ಬಿಟ್ರೆ ಮೇಲಿನ ಹೊಲಕ್ಕೆಲ್ಲ ನುಗ್ಗುತ್ತೆ. ಏರುವಾಗ ತೆಗೀಬೇಕು, ತುಂಬಿದಾಗ ಮುಚ್ಚಬೇಕು. ಅಪ್ಪನ ಹೊಲ ಒಂದೇ ನೆನೀಬೇಕು."

"ನಾನು ಕೇಳಿರಲಿಲ್ಲ, ರೆನ್."

"ಗೊತ್ತು. ಅದಕ್ಕೇ ತೆಗೆದೆ."

ಅವಳು ಮೆಟ್ಟಿಲು ಹತ್ತಿ ಹೋಗಿ ಹಿಡಿಯ ಇನ್ನೊಂದು ಬದಿ ಹಿಡಿದಳು. ಇಬ್ಬರೂ ಸೇರಿ ತಿರುಗಿಸಿದರು. ಬಾಗಿಲು ಪೂರ್ತಿ ಮೇಲೆದ್ದಿತು. ನೀರು ತುಂಬಲು ಇನ್ನೂ ಒಂದು ಗಂಟೆಯಿತ್ತು. ಕಟ್ಟೆಯ ಮೇಲೆ ಪಕ್ಕಪಕ್ಕ ಕೂತರು, ಕಾಲು ಇಳಿಬಿಟ್ಟು, ಭುಜಕ್ಕೆ ಭುಜ ತಾಗಿಸಿ. ಯಾರು ಮೊದಲು ಒರಗಿದರೋ ತಿಳಿಯದು, ಇಬ್ಬರಿಗೂ ನೆಟ್ಟಗೆ ಕೂರುವ ತ್ರಾಣವಿರಲಿಲ್ಲ.

"ಇದನ್ನ ನಿನಗೋಸ್ಕರ ಮಾಡಿದೆ ಅಂದ್ಕೋಬೇಡ," ಅಂದ ರೆನ್ಜೊ, ನೀರು ನೋಡುತ್ತ. "ನೀನು ಹೋದ್ರೂ ಮಾಡ್ತಿದ್ದೆ. ಆ ಮೂರು ಶೀಷೆ ನೋಡಿದ ಮೇಲೆ ನನಗೆ ಆ ಹೊಲದಲ್ಲಿ ಕಬ್ಬು ಕಡಿಯೋಕೆ ಕೈ ಬರ್ತಿರಲಿಲ್ಲ. ಅಪ್ಪ ಇದ್ದಿದ್ರೆ ಅವರಿಗೂ ತೋರಿಸ್ತಿದ್ದೆ. ಬೈದು, ಒಂದು ವಾರ ಊಟ ಬಿಟ್ಟು, ಆಮೇಲೆ ಅವರೇ ಬಂದು ಬಾಗಿಲು ಎತ್ತುತ್ತಿದ್ರು."

"ಹೂಂ," ಅಂದಳು ಅವಳು. ಅವನ ಭುಜ ಬೆಚ್ಚಗಿತ್ತು. ಅಂಗಿಯಲ್ಲಿ ಬೆವರು, ಗ್ರೀಸು, ಉಪ್ಪು.

"ಅವತ್ತು ನೀನು ಹೋಗ್ತೀನಿ ಅಂದಾಗ ನಾನು ಏನೋ ಒಂದು ಅಂದೆ. ಅದನ್ನಲ್ಲ ನಾನು ಹೇಳಬೇಕಿದ್ದಿದ್ದು. ಮನೆಗೆ ಹೋಗಿ ನಾಯಿಗೆ ಹೇಳಿದೆ, ಸರಿಯಾಗಿ, ಪೂರ್ತಿ. ನಿನ್ನ ಮುಂದೆ ಬಾಯಿಗೆ ಬರಲಿಲ್ಲ." ಅವನು ಅಂಗೈಯ ಬಟ್ಟೆ ಬಿಗಿ ಮಾಡಿಕೊಂಡ. "ಮಂಗಳವಾರ ಬರುತ್ತೆ ಅಂತ ನಾನು ಸೋಮವಾರ ಗಡ್ಡ ಹೆರ್ಕೋತಿದ್ದೆ. ಹನ್ನೊಂದು ವರ್ಷ ಯಾವ ದಿನ ಯಾವ ವಾರ ಅಂತಾನೂ ಗೊತ್ತಿರಲಿಲ್ಲ ನನಗೆ. ಈಗ ನೋಡು..."

ಅವಳು ಕೇಳುತ್ತಿದ್ದಳು. ಪ್ರತಿ ಮಾತೂ ಕೇಳಿಸುತ್ತಿತ್ತು. ನೀರಿನ ಸದ್ದೂ ಕೇಳಿಸುತ್ತಿತ್ತು. ಉತ್ತರ ಕೊಡಬೇಕು ಎಂದುಕೊಂಡಳು, ಇನ್ನೊಂದು ನಿಮಿಷ, ಕಣ್ಣು ಮುಚ್ಚಿ ಒಂದೇ ಒಂದು ನಿಮಿಷ. ಅವನ ದನಿ ದೂರವಾಗುತ್ತ, ಮೆತ್ತಗಾಗುತ್ತ ಹೋಯಿತು. ಮಾರ್ಚಿನಿಂದ ಅವಳು ಕಾಯುತ್ತಿದ್ದ ನಿದ್ದೆ ಒಟ್ಟಿಗೇ ಬಂದು ಅವಳನ್ನು ಹೊತ್ತೊಯ್ದಿತು.

ಎಚ್ಚರವಾದಾಗ ಬಿಸಿಲು ಓರೆಯಾಗಿತ್ತು. ಕೆನ್ನೆಯ ಕೆಳಗೆ ಅವನ ತೋಳು. ಕಾಲ ಬೂಟಿಗೆ ತಣ್ಣಗೆ ಏನೋ ತಾಗುತ್ತಿತ್ತು. ನೋಡಿದಳು. ನೀರು ಇಳಿಬಿಟ್ಟ ಪಾದಗಳವರೆಗೂ ಏರಿತ್ತು. ಆಚೆಗೆ ತಿರುಗಿದಳು. ಉಬ್ಬರ ಅಪ್ಪನ ಹೊಲವನ್ನು ದಾಟಿ, ಮೇಲಿನ ಹೊಲದ ಮೊದಲ ನಾಲ್ಕು ಸಾಲು ಕಬ್ಬಿನ ಬುಡದಲ್ಲಿ ಹೊಳೆಯುತ್ತಿತ್ತು.

"ರೆನ್. ಬಾಗಿಲು ಮುಚ್ಚಲೇ ಇಲ್ವಾ?"

"ಇಲ್ಲ."

"ನೀರು ಮೇಲೆ ಹೋಗಿದೆ ಕಣೋ. ಅದು ಒಳ್ಳೇ ಹೊಲ."

"ಹೌದು," ಅಂದ. ಅವನ ತೋಳು ಮರಗಟ್ಟಿ ಹೋಗಿರಬೇಕು, ಬೆರಳುಗಳು ಬಿಳಿಚಿಕೊಂಡಿದ್ದವು. "ನೀನು ಮಲಗಿದ್ದೆ. ಎದ್ದರೆ ನಿನಗೆ ಎಚ್ಚರ ಆಗ್ತಿತ್ತು."

ರೋವೀನಾ ಆ ನಾಲ್ಕು ಸಾಲು ಕಬ್ಬನ್ನು ನೋಡಿದಳು. ಅವನನ್ನು ನೋಡಿದಳು. ಒಂಬತ್ತು ದಿನ ನಿದ್ದೆಗೆಟ್ಟವನು, ಅವಳು ನಿದ್ದೆ ಮಾಡಲೆಂದು ಅಲುಗಾಡದೆ ಕೂತಿದ್ದ.

"ನೀನು ಏನೋ ಹೇಳ್ತಾ ಇದ್ದೆ," ಅಂದಳು. "ಸೋಮವಾರ ಗಡ್ಡ ಹೆರ್ಕೋತಿದ್ದೆ ಅಂತ. ಅಲ್ಲಿಗೆ ನಿದ್ದೆ ಬಂತು. ಆಮೇಲಿನದು ಕೇಳಿಸಲಿಲ್ಲ."

"ಆಮೇಲಿನದು ಹೇಳಲಿಲ್ಲ. ಗೊರಕೆ ಶುರು ಮಾಡಿದ್ದೆ ನೀನು."

"ಸುಳ್ಳು."

"ಸಣ್ಣ ಗೊರಕೆ."

"ಸರಿ. ಈಗ ಎಚ್ಚರವಾಗಿದ್ದೀನಿ. ಹೇಳು."

ಅವನು ಅವಳತ್ತ ತಿರುಗಿದ. ಹೊಲ, ನೀರು, ಬಾಗಿಲು ಯಾವುದನ್ನೂ ನೋಡದೆ ನೇರ ಅವಳ ಕಣ್ಣನ್ನೇ ನೋಡಿದ.

"ಹೋಗ್ಬೇಡ, ರೋ. ಇಲ್ಲೇ ಇರು. ನನ್ನ ಜೊತೆ ಇರು. ನಿನಗೆ ಸುಸ್ತಾದಾಗ ನಾನು ಸಿಂಪಿ ತಟ್ತೀನಿ. ನನಗೆ ಸುಸ್ತಾದಾಗ ನೀನು ಈ ಹಿಡಿ ತಿರುಗಿಸು. ಇಬ್ಬರಿಗೂ ಸುಸ್ತಾದ್ರೆ ನೀರು ಎಲ್ಲಿಗೆ ಬೇಕಾದ್ರೂ ಹೋಗ್ಲಿ."

ಅವಳು ರಕ್ತದ ಬಟ್ಟೆ ಸುತ್ತಿದ ಅವನ ಅಂಗೈಯನ್ನು ಎತ್ತಿ ತನ್ನ ತುಟಿಗೆ ಒತ್ತಿಕೊಂಡಳು. ಉಪ್ಪುಪ್ಪಾಗಿತ್ತು.

"ಇರ್ತೀನಿ," ಅಂದಳು.

"ನಿಜವಾಗ್ಲೂ?"

"ಇರ್ತೀನಿ ಅಂದೆನಲ್ಲ. ಈಗ ಎದ್ದೇಳು, ಇನ್ನೊಂದು ಸಾಲು ಹೋಗೋ ಮುಂಚೆ ಇದನ್ನ ಮುಚ್ಚೋಣ."

ಅವನು ಏಳಲು ಹೋದ. ಜೋಮು ಹಿಡಿದ ತೋಳು ಅವನ ಮಾತು ಕೇಳಲಿಲ್ಲ. ಅವಳು ಎರಡೂ ಕೈಯಲ್ಲಿ ಅವನ ತೋಳನ್ನು ಹಿಡಿದು, ನೆತ್ತರು ಮತ್ತೆ ಹರಿಯುವ ತನಕ ಮೆಲ್ಲಗೆ ನೀವುತ್ತ ಕೂತಳು. ಆ ಹೊತ್ತಿಗೆ ಉಬ್ಬರ ತಾನಾಗಿಯೇ ತಿರುಗಿತ್ತು, ನೀರು ಇಳಿಯತೊಡಗಿತ್ತು. ಇಬ್ಬರಿಗೂ ಅವಸರವಿರಲಿಲ್ಲ.